ಹ್ಯಾಂಡಲ್ ಮೇಲಿನ ಟವಲ್ಲು

ಬಳ್ಳಾರಿಯಿಂದ ಕೊಳಗಲ್ಲು ದಾಟಿ ಕುರುಗೋಡಿನ ಕಡೆ ಹೋಗುವ ಕಾಲುವೆ ದಂಡೆಯ ಮೇಲೆ ನಾನು ಹನ್ನೊಂದು ವರ್ಷ ಸೈಕಲ್ ತುಳಿದಿದ್ದೇನೆ. ಡಾಂಬರು ರಸ್ತೆ ಬೇರೆ ಇತ್ತು. ಅದರ ಮೇಲೆ ಲಾರಿಗಳು ಎಬ್ಬಿಸುವ ಧೂಳು ಕುಡಿದು ಶಾಲೆ ಮುಟ್ಟಿದರೆ ಪಾಠ ಮಾಡಲು ಗಂಟಲೇ ಉಳಿಯುತ್ತಿರಲಿಲ್ಲ. ದಂಡೆಯ ಮೇಲಿನದು ಗರಸಿನ ದಾರಿ. ಕಾಲುವೆ ನೋಡಿಕೊಳ್ಳುವವರ ಜೀಪು ಓಡಾಡಲೆಂದು ಸಣ್ಣ ಕಲ್ಲಿನ ಕೆಂಪು ಗರಸು ಸುರಿದು ದಮ್ಮಸು ಮಾಡಿದ್ದರು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಸರ್ಕಾರದವರು ಬೆಳೆಸಿದ ತೋಪು. ಅವರು ನೆಟ್ಟದ್ದು ಹೊಂಗೆ ಮತ್ತು ಬೇವು. ಯಾರೂ ಕೇಳದೆ ತಾನಾಗಿ ನುಗ್ಗಿ ಬಂದದ್ದು ಜಾಲಿ. ಮೂರ್ನಾಲ್ಕು ಮೈಲಿ ಉದ್ದ, ಒಳಗೆ ಹತ್ತು ಹೆಜ್ಜೆ ಇಟ್ಟರೆ ಮನುಷ್ಯ ಕಾಣಿಸದಷ್ಟು ದಟ್ಟ.

ಆ ದಾರಿಯಲ್ಲಿ ನಾನು ಒಬ್ಬರ ಜೀವ ಉಳಿಸಿದೆ ಎಂದು ಊರವರು ಸೇರಿ ನನಗೆ ಶಾಲು ಹೊದಿಸಿದ್ದಾರೆ. ಆ ಶಾಲು ಈಗಲೂ ಟ್ರಂಕಿನಲ್ಲಿದೆ. ನಾನು ಒಂದು ದಿನವೂ ಹೊದ್ದಿಲ್ಲ. ಯಾಕೆ ಹೊದ್ದಿಲ್ಲ ಎಂಬುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಹೇಳಿ ಮುಗಿಸುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಾರು. ಕುರುಗೋಡು ಇನ್ನು ಮೂರು ಮೈಲಿ ಇರುವಾಗ ಸಿಗುವ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಹಾಕಿದ್ದರು. ಸತ್ಯನಾರಾಯಣಪೇಟೆಯಲ್ಲಿ ನನ್ನ ಬಾಡಿಗೆ ಕೋಣೆ. ಶಾಲೆಗೆ ಇಬ್ಬರೇ ಶಿಕ್ಷಕರು, ನಾನು ಮತ್ತು ಹೆಡ್ ಮಾಸ್ತರರು. ಅವರ ಮನೆಯೂ ಅದೇ ಪೇಟೆಯಲ್ಲಿ, ನನ್ನ ಕೋಣೆಯಿಂದ ಎರಡು ಓಣಿ ಆಚೆ. ಐವತ್ತರ ಹತ್ತಿರದ ವಯಸ್ಸು. ನಸುಕಿನಲ್ಲೇ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಅಂಗಿಯ ಹೆಗಲ ಮೇಲೆ ಕೆಂಪು ಅಂಚಿನ ಟವಲ್ಲು ಹಾಕಿಕೊಂಡು ಸೈಕಲ್ ಹತ್ತುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಒಂದೇ ಸಲ ನೋಡಿದ್ದು. ಅದೂ ನನ್ನ ಮೇಲೆ.

ಗರಸಿನ ಮೇಲೆ ಸೈಕಲ್ ಹೊಡೆಯುವುದನ್ನು ಕಲಿಸಿದವರು ಅವರು. ಮೊದಲ ದಿನವೇ ನಾನು ತಿರುವಿನಲ್ಲಿ ಬ್ರೇಕ್ ಹಿಡಿದು ಜಾರಿ, ಮೊಣಕೈ ಕೆತ್ತಿಸಿಕೊಂಡು, ಕಾಲುವೆ ಮಾಡಿದವರನ್ನೂ ಗರಸು ಹಾಕಿದವರನ್ನೂ ಬಾಯಿಗೆ ಬಂದಂತೆ ಬೈದೆ. ಅವರು ಸೈಕಲ್ ನಿಲ್ಲಿಸಿ, ನಾನು ಬೈದು ಮುಗಿಸುವ ತನಕ ಕಾದು, ಆಮೇಲೆ ಹೇಳಿದರು.

"ಹ್ಯಾಂಡಲ್ ಅಷ್ಟು ಬಿಗಿ ಹಿಡೀಬ್ಯಾಡ ತಮ್ಮಾ. ಸಡ್ಲ ಬಿಡು. ಗಾಲಿ ತನ್ನ ದಾರಿ ತಾನ ಹಿಡೀತೈತಿ."

ಜೀಪಿನ ಗಾಲಿ ಹಾದು ಗಟ್ಟಿಯಾದ ಪಟ್ಟಿಯಲ್ಲೇ ಹೋಗಬೇಕು, ಗರಸು ಗುಡ್ಡೆಯಾದ ಅಂಚಿಗೆ ಇಳಿಯಬಾರದು, ಟಯರಿನಲ್ಲಿ ಗಾಳಿ ಸ್ವಲ್ಪ ಕಮ್ಮಿ ಇರಬೇಕು, ಜಾಲಿ ಮುಳ್ಳು ಚುಚ್ಚಿದರೆ ಅಲ್ಲೇ ಕೀಳಬಾರದು, ಗಾಳಿ ನಿಂತಷ್ಟು ದೂರ ಹೋಗಿ ಆಮೇಲೆ ಕೀಳಬೇಕು. ಸೈಕಲ್ಲನ್ನು ಎಂದೂ ಬಿಸಿಲಲ್ಲಿ ನಿಲ್ಲಿಸಬಾರದು. ನಮ್ಮ ಬಿಸಿಲಿಗೆ ಟ್ಯೂಬು ಉಬ್ಬಿ ಢಂ ಎಂದು ಒಡೆಯುತ್ತದೆ. ಆ ದಾರಿಯವರೆಲ್ಲ ಎರಡು ನಿಮಿಷ ನಿಂತರೂ ನೆರಳು ಹುಡುಕಿಯೇ ಸೈಕಲ್ ಒರಗಿಸುತ್ತಿದ್ದರು.

ಇನ್ನೊಂದು ಪದ್ಧತಿಯೂ ಆ ದಾರಿಯಲ್ಲಿತ್ತು. ನಾನು ಸೇರಿದ ವಾರದಲ್ಲೇ ಅದು ಗೊತ್ತಾಯಿತು. ಒಂದು ಹೊಂಗೆ ಮರಕ್ಕೆ ಯಾರದೋ ಸೈಕಲ್ ಒರಗಿಸಿತ್ತು. ಹ್ಯಾಂಡಲ್ ಮೇಲೆ ಟವಲ್ಲು ಹರಡಿತ್ತು. ಮನುಷ್ಯರಿರಲಿಲ್ಲ. ನಾನು ಸೈಕಲ್ ನಿಧಾನ ಮಾಡಿ ತೋಪಿನೊಳಗೆ ಇಣುಕಲು ಹೋದೆ. ಹೆಡ್ ಮಾಸ್ತರರು ಎರಡು ಸಲ ಬೆಲ್ ಹೊಡೆದು, ಮುಖವನ್ನು ಕಾಲುವೆಯ ಕಡೆ ತಿರುಗಿಸಿ, ಮುಂದೆ ಹೋಗಿಬಿಟ್ಟರು. ನಾನು ಹಿಂದೆಯೇ ತುಳಿದು ಅವರನ್ನು ಹಿಡಿದೆ.

"ಟವಲ್ ಇತ್ತಂದ್ರ ಮನಶಾ ಒಳಗ ಕುಂತಾನ ಅಂತ," ಎಂದರು. "ಎರಡು ಸಲ ಬೆಲ್ ಹೊಡಿ, ಮುಖ ಆ ಕಡಿ ಮಾಡು, ಹೋಗು. ಕರಿಯೂದು, ನಿಂದ್ರೂದು, ನೋಡೂದು ಮಾಡಬಾರ್ದು."

ಬಯಲಿಗೆ ಹೋಗುವ ಕಾಲ ಅದು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳೂ ಅದೇ ದಾರಿಯಲ್ಲಿ ನಡೆಯುತ್ತಿದ್ದರು. ಎರಡು ಸಲ ಬೆಲ್ ಕೇಳಿದರೆ ಒಳಗೆ ಕೂತವನಿಗೆ ಯಾರೋ ಹಾದುಹೋಗುತ್ತಿದ್ದಾರೆ, ಈ ಕಡೆ ನೋಡುವುದಿಲ್ಲ ಎಂದು ಧೈರ್ಯ. ನನಗೆ ಈ ಮರ್ಯಾದೆ ಬಹಳ ಹಿಡಿಸಿತು. ನನ್ನಂಥ ಸಿಡುಕನಿಗೆ ಮಾತಾಡದೆ ತೋರಿಸುವ ಮರ್ಯಾದೆ ಸುಲಭ. ಒಂದು ತಿಂಗಳಲ್ಲಿ ಅದು ನನಗೆ ಉಸಿರಾಟದಷ್ಟು ರೂಢಿಯಾಯಿತು. ಟವಲ್ಲು ಕಂಡರೆ ಹೆಬ್ಬೆರಳು ತಾನಾಗಿ ಬೆಲ್ ಒತ್ತುತ್ತಿತ್ತು, ಕತ್ತು ತಾನಾಗಿ ಕಾಲುವೆಯ ಕಡೆ ಹೊರಳುತ್ತಿತ್ತು.

ನನ್ನ ಬೆಲ್ ಹಳೆಯದು, ಒಳಗಿನ ಹಲ್ಲು ಸವೆದಿತ್ತು. ಮೊದಲ ಸಲ ಒತ್ತಿದರೆ ಸ್ಪಷ್ಟವಾಗಿ ಬಾರಿಸುತ್ತಿತ್ತು, ಎರಡನೆಯ ಸಲ ಕರಕರ ಎಂದು ಕೆಮ್ಮಿ ನಿಲ್ಲುತ್ತಿತ್ತು. ಹೆಡ್ ಮಾಸ್ತರರಿಗೆ ಅದೊಂದು ತಮಾಷೆ. ನಾನು ಅವರ ಓಣಿಯ ತಿರುವಿನಲ್ಲಿ ಬೆಲ್ ಹೊಡೆದರೆ ಒಳಗಿನಿಂದಲೇ, "ಬಂದ ನೋಡು, ದಮ್ಮಿನ ಬೆಲ್ಲಿನಾಂವ," ಎಂದು ಹೆಂಡತಿಗೆ ಹೇಳುತ್ತಿದ್ದರು. ಆಕೆಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಬೆಲ್ ಬದಲಾಯಿಸಬೇಕೆಂದು ನಾಕಾರು ಸಲ ಅಂದುಕೊಂಡೆ. ಬದಲಾಯಿಸಲಿಲ್ಲ. ಬದಲಾಯಿಸಿದ್ದರೆ ಈ ಕಥೆಯ ಅರ್ಧ ಇರುತ್ತಿರಲಿಲ್ಲ.

ಅವರ ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಒಂದು ದಸರಾ ರಜೆಯಲ್ಲಿ ಬಸ್ಸು ಬೇಡ, ಸೈಕಲ್ಲಿನಲ್ಲೇ ಹೋಗೋಣ ಎಂದು ಅವರೇ ಹೊರಡಿಸಿದರು. ಕುರುಗೋಡಿನ ಬಂಡೆಗುಡ್ಡಗಳನ್ನು ಬಳಸಿ, ಕಾಲುವೆ ಸಿಕ್ಕಲ್ಲಿ ಕಾಲುವೆ, ಇಲ್ಲದ ಕಡೆ ಬಂಡಿದಾರಿ ಹಿಡಿದು, ಇಡೀ ದಿನ ತುಳಿದೆವು. ಮರುದಿನ ಅಲ್ಲಿಂದ ಕೆಂಚನಗುಡ್ಡಕ್ಕೆ ಹೋದೆವು. ಹೊಳೆ ತುಂಬಿತ್ತು. ಬಂಡೆಯ ಮೇಲೆ ಕೂತು ರೊಟ್ಟಿ, ಪುಂಡಿಪಲ್ಲೆ ತಿಂದೆವು. ನನ್ನ ಜೀವಮಾನದ ಒಳ್ಳೆಯ ದಿನಗಳನ್ನು ಲೆಕ್ಕ ಹಾಕಿದರೆ ಆ ಎರಡು ದಿನ ಅದರಲ್ಲಿ ಇರುತ್ತವೆ.

ಆದರೆ ಅಲ್ಲೊಂದು ಸಣ್ಣ ಸಂಗತಿ ನಡೆಯಿತು. ಕೈ ತೊಳೆದು ಬಂದವರು ಹೆಗಲ ಮೇಲಿನ ಟವಲ್ಲನ್ನು ತೆಗೆಯಲು ಹೋದರು. ಬಲಗೈ ಮೇಲೇಳಲಿಲ್ಲ. ಒಂದೆರಡು ಸಲ ಎತ್ತಿ ನೋಡಿದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಅದು ಬೇರೆ ಯಾರದೋ ಕೈ ಇರಬೇಕೆಂಬಂತೆ ನೋಡುತ್ತ ಕೂತರು. ಮುಖದ ಬಲಗಡೆ ಸ್ವಲ್ಪ ಜೋತಂತೆ ನನಗೆ ಕಂಡಿತು. ನಾಕು ನಿಮಿಷಕ್ಕೆಲ್ಲ ಸರಿಹೋಯಿತು.

"ಜೋಮು ಹಿಡಿದಿತ್ತಲೇ," ಎಂದರು.

"ಹ್ಯಾಂಡಲ್ ಬಿಗಿ ಹಿಡಿದೀರಿ ಸರ್," ಎಂದು ನಾನು ನಕ್ಕೆ. ಅವರೂ ನಕ್ಕರು. ಮನೆಯಲ್ಲಿ ಹೇಳಬೇಡ ಎಂದರು, ನಾನು ಹೇಳಲಿಲ್ಲ. ಇವತ್ತು ಡಾಕ್ಟರರು ಅದನ್ನು ಮುನ್ಸೂಚನೆ ಎನ್ನುತ್ತಾರೆ. ನಮಗೆ ಅಂದು ಅದು ಸೈಕಲ್ ತುಳಿದ ಆಯಾಸ, ಅಷ್ಟೇ.

ಅದಾದ ಮೇಲೆ ಬಂದ ಬೇಸಿಗೆಯಲ್ಲಿ ನಮ್ಮಿಬ್ಬರ ನಡುವೆ ಮಾತು ನಿಂತಿತು. ತಪ್ಪು ನನ್ನದು. ಮಗ್ಗಿ ಒಪ್ಪಿಸದ ಒಬ್ಬ ಹುಡುಗನಿಗೆ ನಾನು ಬೆತ್ತದಿಂದ ಬಾಸುಂಡೆ ಏಳುವಂತೆ ಹೊಡೆದೆ. ಪಕ್ಕದ ಕೋಣೆಯಿಂದ ಹೆಡ್ ಮಾಸ್ತರರು ಬಂದರು. ನನ್ನ ಕೈಯಿಂದ ಬೆತ್ತ ಕಸಿದುಕೊಂಡು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿದರು. "ಇನ್ನೊಂದು ಸಲ ಈ ಸಾಲ್ಯಾಗ ಕೈ ಎತ್ತಿದ್ರ ನೀ ಇರತೀ ಇಲ್ಲಾ ನಾ ಇರತೀನಿ," ಎಂದರು. ಮಕ್ಕಳೆಲ್ಲ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಆ ನಗೆ ನನ್ನ ತಲೆ ಕೆಡಿಸಿತು.

ಅಂದಿನಿಂದ ನಾನು ಅವರ ಜೊತೆ ಹೋಗುವುದನ್ನು ಬಿಟ್ಟೆ. ಬೇಸಿಗೆಯಾದ್ದರಿಂದ ಶಾಲೆ ಮುಂಜಾನೆಯ ಹೊತ್ತು ನಡೆಯುತ್ತಿತ್ತು. ಹನ್ನೊಂದೂವರೆಗೆ ಬಿಡುತ್ತಿದ್ದೆವು. ಅವರು ಐದೂವರೆಗೆ ಹೊರಟರೆ ನಾನು ಐದೂ ಮುಕ್ಕಾಲಿಗೆ. ಅವರ ಓಣಿಯ ತಿರುವು ಬಂದಾಗ ಬೆಲ್ ಹೊಡೆಯದೆ ಹೋಗುತ್ತಿದ್ದೆ. ಎರಡು ದಿನ ಅವರು ಊರ ಹೊರಗೆ ರೈಲ್ವೆ ಗೇಟಿನ ಹತ್ತಿರ ನಿಂತು ನನಗಾಗಿ ಕಾದಿದ್ದರು. ನಾನು ನೋಡದವನಂತೆ ಮುಂದೆ ಹೋದೆ. ಮೂರನೆಯ ದಿನದಿಂದ ಅವರು ಕಾಯಲಿಲ್ಲ. ಕಾಯಲಿಲ್ಲವಲ್ಲ ಎಂದು ಅದಕ್ಕೂ ಸಿಟ್ಟಾದೆ.

ಆ ವಾರವೆಲ್ಲ ದಾರಿಯೇ ಬೇರೆಯಾದಂತಿತ್ತು. ಕಾಲುವೆಗೆ ನೀರು ನಿಲ್ಲಿಸಿದ್ದರು. ತಳದ ಕೆಸರು ಒಣಗಿ ಬಿರಿದಿತ್ತು. ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಮೀನು ಸತ್ತು ನಾರುತ್ತಿದ್ದವು. ಹರಿಯುವ ನೀರಿನ ಸಪ್ಪಳ ಇಲ್ಲದಾಗ ಗರಸಿನ ಮೇಲೆ ಗಾಲಿ ಉರುಳುವ ಸದ್ದು ಎಷ್ಟು ಜೋರು ಎಂದು ನನಗೆ ಮೊದಲ ಸಲ ಗೊತ್ತಾಯಿತು. ತೋಪಿನೊಳಗೆ ಒಂದು ಎಲೆ ಅಲುಗಿದರೂ ಕೇಳುತ್ತಿತ್ತು. ನನ್ನ ಹಿಂದೆ ಯಾರೋ ಬರುತ್ತಿದ್ದಾರೆ ಎನಿಸಿ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಒಬ್ಬನೇ ಹೋಗುವುದು ನನಗೆ ಹೆದರಿಕೆ ಹುಟ್ಟಿಸಿತ್ತು, ಆದರೆ ಒಪ್ಪಿಕೊಳ್ಳುವಷ್ಟು ಸಣ್ಣವನಾಗಲು ಮನಸ್ಸಿರಲಿಲ್ಲ.

ಶನಿವಾರ. ಹೊತ್ತು ಆಗಷ್ಟೇ ಹುಟ್ಟಿತ್ತು. ಕೊಳಗಲ್ಲು ದಾಟಿ ತೋಪಿನ ನಡುಮಧ್ಯ ಬಂದೆ. ಒಂದು ದೊಡ್ಡ ಹೊಂಗೆ ಮರಕ್ಕೆ ಹೆಡ್ ಮಾಸ್ತರರ ಸೈಕಲ್ ಒರಗಿಸಿತ್ತು. ಕ್ಯಾರಿಯರ್ ಮೇಲೆ ಬುತ್ತಿಯ ಗಂಟು. ಹ್ಯಾಂಡಲ್ ಮೇಲೆ ಕೆಂಪು ಅಂಚಿನ ಟವಲ್ಲು.

ಅವರು ಎಂದೂ ದಾರಿಯಲ್ಲಿ ಬಯಲಿಗೆ ಹೋದವರಲ್ಲ. ಮನೆಯಲ್ಲೇ ಎಲ್ಲ ಮುಗಿಸಿ, ಸ್ನಾನ ಮಾಡಿ ಹೊರಡುವವರು. ಇದು ಆ ಕ್ಷಣದಲ್ಲೇ ನನಗೆ ಹೊಳೆಯಿತು. ಹೊಳೆದರೂ ನಾನು ಅಂದುಕೊಂಡದ್ದು ಬೇರೆ. ಹೊಟ್ಟೆ ಕೆಟ್ಟಿದೆ ಮುದುಕನಿಗೆ, ಕೂತಿರಲಿ, ಇವತ್ತು ನಾನೇ ಮೊದಲು ಹೋಗಿ ಶಾಲೆಯ ಬೀಗ ತೆಗೆಯುತ್ತೇನೆ ಎಂದುಕೊಂಡೆ. ಖುಷಿಯೇ ಆಯಿತು. ಎರಡು ಸಲ ಬೆಲ್ ಒತ್ತಿದೆ. ಒಂದು ಸಲ ಬಾರಿಸಿತು, ಒಂದು ಸಲ ಕೆಮ್ಮಿತು. ಮುಖ ಕಾಲುವೆಯ ಕಡೆ ತಿರುಗಿಸಿದೆ.

ಮರ ದಾಟುತ್ತಿದ್ದಂತೆ ತೋಪಿನ ಕಡೆಯಿಂದ ಒಂದು ಗರಸುಕಲ್ಲು ಬಂದು ದಾರಿಯ ಮೇಲೆ ಬಿದ್ದು, ನನ್ನ ಹಿಂದಿನ ಗಾಲಿಗೆ ತಾಗಿ ನಿಂತಿತು. ನಿಂಬೆಹಣ್ಣಿಗಿಂತ ಸಣ್ಣ ಕಲ್ಲು. ಜೋರಾಗಿ ಎಸೆದದ್ದಲ್ಲ.

ನಾನು ನಿಲ್ಲಲಿಲ್ಲ. ಕಲ್ಲು ಒಗೆದು ನನ್ನನ್ನು ಓಡಿಸುತ್ತಿದ್ದಾರೆ ಎಂದು ತಿಳಿದೆ. ಬೆತ್ತ ಮುರಿದದ್ದು ಸಾಲದೆಂದು ಈಗ ನಾಯಿಗೆ ಒಗೆದಂತೆ ಕಲ್ಲು ಒಗೆಯುತ್ತಾರೋ ಎಂದು ಬುಸುಗುಟ್ಟುತ್ತ ತುಳಿದೆ. ಇನ್ನೊಂದು ಕಲ್ಲು ಬಿದ್ದ ಸದ್ದು ಹಿಂದೆ ಕೇಳಿತು. ತಿರುಗಿ ನೋಡಲಿಲ್ಲ.

ಶಾಲೆಯ ಬೀಗ ತೆಗೆದೆ. ಪ್ರಾರ್ಥನೆ ಮಾಡಿಸಿದೆ. ಏಳೂವರೆಯಾಯಿತು, ಎಂಟಾಯಿತು, ಅವರು ಬರಲಿಲ್ಲ. ಆರಾಮಿಲ್ಲದೆ ಹಿಂದಕ್ಕೆ ಮನೆಗೆ ಹೋಗಿರಬೇಕು ಎಂದುಕೊಂಡೆ. ಎರಡೂ ಕೋಣೆಯ ಮಕ್ಕಳನ್ನು ಸೇರಿಸಿ ಕೂಡಿಸಿ ಲೆಕ್ಕ ಕೊಟ್ಟೆ. ಯಾಕೋ ಮನಸ್ಸು ನಿಲ್ಲಲಿಲ್ಲ. ಬೋರ್ಡಿನ ಮೇಲೆ ಅದೇ ಲೆಕ್ಕವನ್ನು ಎರಡು ಸಲ ಬರೆದೆನೆಂದು ಮಕ್ಕಳೇ ಹೇಳಿದರು. ಆಗಲಾದರೂ ಎದ್ದು ಹೋಗಬಹುದಿತ್ತು. ಹೋಗಿ ಅವರು ಮನೆಯಲ್ಲಿ ಮಲಗಿದ್ದರೆ ನಾನೇ ಸೋತು ಹೋದಂತಾಗುತ್ತದಲ್ಲ ಎಂದು ಕೂತೆ.

ಶಾಲೆ ಬಿಟ್ಟು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ದಂಡೆಯ ಮೇಲೆ ನರಪಿಳ್ಳೆ ಇರಲಿಲ್ಲ. ತೋಪಿನ ನಡುಮಧ್ಯ ಬರುವ ಮೊದಲೇ ದೂರದಿಂದ ಬಿಳಿ ಬಟ್ಟೆ ಕಂಡಿತು. ಅದೇ ಸೈಕಲ್, ಅದೇ ಟವಲ್ಲು. ಬೆಳಿಗ್ಗೆ ಇದ್ದ ನೆರಳು ಸರಿದು ಮರದ ಆಚೆ ಹೋಗಿತ್ತು. ಸೈಕಲ್ ಉರಿಬಿಸಿಲಿನಲ್ಲಿ ನಿಂತಿತ್ತು. ಮುಂದಿನ ಟ್ಯೂಬು ಒಡೆದು ಗಾಲಿ ಕೂತಿತ್ತು. ಬುತ್ತಿಯ ಗಂಟಿಗೆ ಇರುವೆ ಸಾಲು ಹತ್ತಿತ್ತು. ಸೈಕಲ್ಲನ್ನು ಬಿಸಿಲಿಗೆ ಬಿಡಬೇಡ ಎಂದು ನನಗೆ ಕಲಿಸಿದವರ ಸೈಕಲ್ ಅದು.

ಅಂಥ ಹೊತ್ತಿನಲ್ಲೂ ನನ್ನ ಹೆಬ್ಬೆರಳು ಎರಡು ಸಲ ಬೆಲ್ ಒತ್ತಿತು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಕೈ ಕಂಡರೆ ಅಸಹ್ಯವಾಗುತ್ತದೆ. ಆಮೇಲೆ ಸೈಕಲ್ ಕೆಡವಿ ಒಳಗೆ ನುಗ್ಗಿದೆ.

ದಾರಿಯಿಂದ ಹದಿನೈದು ಹೆಜ್ಜೆಯೂ ಇರಲಿಲ್ಲ. ಜಾಲಿ ಪೊದೆಯ ಬುಡದಲ್ಲಿ ಬಲಮಗ್ಗುಲಾಗಿ ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು, ಜೊಲ್ಲು ಒಣಗಿ ಮಣ್ಣು ಮೆತ್ತಿತ್ತು. ತುಟಿಗೆ ನೊಣ ಮುತ್ತಿದ್ದವು. ಕಣ್ಣು ತೆರೆದಿತ್ತು. ಆ ಕಣ್ಣು ನನ್ನನ್ನು ನೋಡಿತು, ಗುರುತು ಹಿಡಿಯಿತು. ಎಡಗೈ ಮುಂದೆ ಚಾಚಿತ್ತು. ಆ ಕೈಗೆ ಎಟುಕುವಷ್ಟು ನೆಲದಲ್ಲಿ, ಒಂದು ಮೊರದಗಲ, ಒಂದು ಕಲ್ಲೂ ಉಳಿದಿರಲಿಲ್ಲ. ಬೆರಳಿನಿಂದ ಕೆರೆದು ಕೆರೆದು ಬರೀ ಮಣ್ಣು ಮಾಡಿದ್ದರು. ಉಗುರಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ನಾನು ಕೂಗಿದ್ದಕ್ಕೆ ತೋಪಿನ ಆಚೆ ಕುರಿ ಮೇಯಿಸುತ್ತಿದ್ದವನು ಓಡಿಬಂದ. ನೋಡಿ ಅಲ್ಲೇ ಕುಸಿದು ಕೂತ. "ಮುಂಜಾನಿ ನಾನೂ ಇಲ್ಲೇ ಹಾದು ಹೋದ್ನಿ ಸರ್. ಟವಲ್ ಇತ್ತು, ಮುಖ ತಿರುವಿ ಹಂಗ ಹೋದ್ನಿ," ಎಂದ. ನನಗೆ ಹೇಳಿದನೋ ಬಿದ್ದವರಿಗೆ ಹೇಳಿದನೋ ಗೊತ್ತಾಗಲಿಲ್ಲ. ನಾನು ತುಟಿಯ ಮೇಲಿನ ನೊಣ ಓಡಿಸುತ್ತ ಕೂತೆ. ಅವನು ಊರಿಗೆ ಓಡಿ ಟ್ರ್ಯಾಕ್ಟರ್ ತಂದ. ಅದರ ಟ್ರೇಲರಿನಲ್ಲಿ ಮಲಗಿಸಿಕೊಂಡು, ನಾನು ಅವರ ಮುಖಕ್ಕೆ ಅದೇ ಟವಲ್ಲಿನ ನೆರಳು ಹಿಡಿದು, ಬಳ್ಳಾರಿಯ ಆಸ್ಪತ್ರೆಗೆ ಒಯ್ದೆವು.

ಲಕ್ವಾ ಎಂದರು. ಬಲಭಾಗ ಪೂರ್ತಿ ಹೋಗಿತ್ತು, ಮಾತು ಹೋಗಿತ್ತು. ಡಾಕ್ಟರರು ನನ್ನ ಬೆನ್ನು ತಟ್ಟಿದರು. ಇನ್ನೊಂದು ತಾಸು ಆ ಬಿಸಿಲಲ್ಲಿ ಬಿದ್ದಿದ್ದರೆ ಜೀವವೇ ಉಳಿಯುತ್ತಿರಲಿಲ್ಲ ಎಂದರು. ಮುಂಜಾನೆಯೇ ತಂದಿದ್ದರೆ ಎಂದು ನಾನು ಕೇಳಿದೆ. ಮಾತಾದರೂ ಸ್ವಲ್ಪ ಉಳಿಯುತ್ತಿತ್ತೇನೋ ಎಂದರು.

ಅಕ್ಕಾರ ಬಂದರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಹೋಗಾಗ ಕಾಣ್ಲಿಲ್ಲೇನ್ರಿ ಮಾಸ್ತರ?" ಎಂದು ಕೇಳಿದರು. ಬರೀ ಕೇಳಿದ್ದು, ಆರೋಪ ಇರಲಿಲ್ಲ.

"ಇವತ್ತು ನಾನು ಡಾಂಬರ್ ರಸ್ತೇಲೆ ಹೋಗಿದ್ದೆ ಅಕ್ಕಾರ," ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಂದ ತಾನಾಗಿ ಬಂತು. ಆಕೆ ಕೈ ಮುಗಿದು, "ದೇವರು ಬಂದಂಗ ಬಂದ್ರಿ," ಎಂದರು. ಮಂಚದ ಮೇಲಿನ ಕಣ್ಣು ತೆರೆದೇ ಇತ್ತು. ಕಿವಿಗೆ ಏನೂ ಆಗಿರಲಿಲ್ಲ.

ಹಳ್ಳಿಯವರು ಶಾಲು ಹೊದಿಸಿದ್ದು ಆಮೇಲೆ. ಹೆಡ್ ಮಾಸ್ತರರನ್ನು ಮನೆಗೆ ತಂದರು. ನಾನು ಪ್ರತಿ ಭಾನುವಾರ ನೋಡಲು ಹೋಗುತ್ತಿದ್ದೆ. ಹೋಗದಿದ್ದರೆ ಜನ ಏನೆಂದಾರು ಎಂಬ ಅಂಜಿಕೆ, ಹೋದರೆ ಇವತ್ತು ಮಾತು ಬಂದುಬಿಟ್ಟಿದ್ದರೆ ಎಂಬ ಅಂಜಿಕೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಅಕ್ಕಾರ ಗಂಡನಿಗೆ ಮಾತು ಬರಲೆಂದು ಸೋಮವಾರ ಒಪ್ಪತ್ತು ಮಾಡುತ್ತಿದ್ದರು. ಬರದೇ ಇರಲಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ನಿಜ ಅದೇ.

ಮೂರನೆಯ ತಿಂಗಳಿರಬೇಕು. ನಾನು ಮಂಚದ ಪಕ್ಕ ಕೂತಿದ್ದೆ. ಅವರು ಎಡಗೈಯನ್ನು ಹೊದಿಕೆಯಿಂದ ಹೊರತೆಗೆದರು. ಹೆಬ್ಬೆರಳನ್ನು ಮಡಿಸಿ ಗಾಳಿಯಲ್ಲಿ ಒಂದು ಸಲ ಒತ್ತಿದರು. ಇನ್ನೊಂದು ಸಲ ಒತ್ತಿದರು. ಎರಡನೆಯ ಸಲ ಒತ್ತಿ, ಗಂಟಲಿನಿಂದ ಕೆಮ್ಮಿನಂಥ ಸದ್ದು ತೆಗೆದರು. ಆಮೇಲೆ ಬೆರಳನ್ನು ನನ್ನ ಕಡೆ ತೋರಿಸಿದರು.

ಅದು ನನ್ನ ಬೆಲ್ಲಿನ ಕೆಮ್ಮು.

"ಏನಂತಾರ್ರಿ ಇವರು?" ಎಂದು ಅಕ್ಕಾರ ಒಳಗಿನಿಂದ ಓಡಿ ಬಂದರು.

"ಸೈಕಲ್ ಬೆಲ್ ನೆನಪಾಗೈತಿ ಅಂತ ಕಾಣ್ತದ ಅಕ್ಕಾರ," ಎಂದೆ.

ಆಕೆಗೆ ಸಂತೋಷವಾಗಿ ಕಣ್ಣಲ್ಲಿ ನೀರು ಬಂತು. ಒಂದು ಬೆಲ್ ತಂದು ಮಂಚಕ್ಕೆ ಕಟ್ಟಿದರೆ ನೀರು ಬೇಕಾದಾಗ, ಹೊರಳಿಸಬೇಕಾದಾಗ ಕರೆಯಲು ಆಗುತ್ತದಲ್ಲ ಎಂದರು. ಮರುದಿನವೇ ನಾನು ಹೊಸ ಬೆಲ್ ತಂದೆ. ಅವರು ಅದನ್ನು ಮುಟ್ಟಲಿಲ್ಲ. ಎಡಗೈಯನ್ನು ಬಾಗಿಲ ಕಡೆ, ಹೊರಗೆ ನಿಲ್ಲಿಸಿದ್ದ ನನ್ನ ಸೈಕಲ್ ಕಡೆ ಚಾಚಿದರು. ನನ್ನ ಹಳೆಯ ಬೆಲ್ ಬಿಚ್ಚಿ ತಂದು ಮಂಚದ ಕಟ್ಟಿಗೆಗೆ ನಾನೇ ನಟ್ಟು ಬಿಗಿದೆ. ನಾನು ಬಿಗಿಯುವ ತನಕ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆರು ವರ್ಷ ಆ ಬೆಲ್ ಆ ಮನೆಯಲ್ಲಿ ಬಾರಿಸಿತು. ನೀರಿಗೂ ಒಂದು ಸಲ. ಹೊರಳಿಸಲೂ ಒಂದೇ ಸಲ. ನಾನು ಬಾಗಿಲಲ್ಲಿ ಕಾಣಿಸಿದರೆ ಮಾತ್ರ ಎರಡು ಸಲ ಹೊಡೆದು, ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು. ನಾನು ಎದ್ದು ಹೋಗುವ ತನಕ ಈ ಕಡೆ ಹೊರಳುತ್ತಿರಲಿಲ್ಲ. ಅಕ್ಕಾರ ಮೊದಮೊದಲು, "ನಿಮ್ಮನ್ನ ಕಂಡ್ರ ಭಾಳ ಪ್ರೀತಿ, ಅದಕ್ಕ ಎರಡು ಸಲ," ಎನ್ನುತ್ತಿದ್ದರು. ಒಂದೆರಡು ವರ್ಷವಾದ ಮೇಲೆ ಹಾಗೆನ್ನುವುದನ್ನು ಬಿಟ್ಟರು. ನಾನು ಪ್ರತಿ ಸಲ ಇವತ್ತು ಹೇಳಿಬಿಡಬೇಕು ಎಂದು ಹೋಗುತ್ತಿದ್ದೆ. ಕಾಫಿ ಕುಡಿದು ಬರುತ್ತಿದ್ದೆ.

ಅವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಅಕ್ಕಾರ ನನ್ನನ್ನು ಕರೆಸಿದರು. ಮಗಳ ಜೊತೆ ಸಿರುಗುಪ್ಪಕ್ಕೆ ಹೊರಟಿದ್ದರು, ಸಾಮಾನು ಕಟ್ಟಿ ಇಟ್ಟಿದ್ದರು. ಮಂಚದಿಂದ ಬಿಚ್ಚಿಸಿದ ಬೆಲ್ಲನ್ನು ತಂದು ನನ್ನ ಕೈಯಲ್ಲಿಟ್ಟರು.

"ಇದು ನಿಮ್ಮದು ಮಾಸ್ತರ," ಎಂದರು. ಮಂಚದ ಅಂಚಿಗೆ ಕೂತು ಹೇಳಿದರು. "ಕುರಿಯಾಂವ ಆ ವಾರದಾಗ ಬಂದು, ನಾನೂ ಟವಲ್ ನೋಡಿ ಮುಖ ತಿರುವಿ ಹೋದ್ನ್ರಿ ಅಂತ ಅಂದ. ಹಾಲು ಹಾಕಾಂವನೂ ಬಂದು ಹಂಗ ಹೇಳಿದ. ಕಾಲುವಿ ಮೇಸ್ತ್ರೀನೂ ಅದನ್ನ ಹೇಳಿ ಮಂಚದ ಕಾಲು ಹಿಡಕೊಂಡು ಅತ್ತ. ಅವರು ಹೇಳಿದಾಗ ಇವರು ಎಡಗೈ ಅವರ ತಲಿ ಮ್ಯಾಲೆ ಇಟ್ರು. ಮುಂದ ಬೆಲ್ ಕಟ್ಟಿದ ಮ್ಯಾಲೆ ಅವರು ನೋಡಾಕ ಬಂದಾಗೂ ಯಾರಿಗೂ ಎರಡು ಸಲ ಹೊಡೀಲಿಲ್ಲ. ಮುಖ ತಿರುವಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಯಾಕ ಅಂತ ನಂಗೂ ತಡವಾಗಿ ತಿಳೀತು. ನೀವ ಹೇಳ್ಲಿ ಅಂತ ಅವರು ಕಾದ್ರು. ನಾನೂ ಕಾದ್ನಿ."

ಬೆಲ್ ನನ್ನ ಕೈಯಲ್ಲಿ ಭಾರವಾಯಿತು.

"ಹೌದ್ರಿ ಅಕ್ಕಾರ. ಆವತ್ತು ಮುಂಜಾನಿ ನಾನೂ ಅದ ದಾರೀಲೆ ಹೋಗಿದ್ದೆ," ಎಂದೆ.

ಆಕೆ ತಲೆ ಆಡಿಸಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು. "ಟವಲ್ ಇತ್ತಲ್ರಿ. ನೀವರ ಏನು ಮಾಡೀರಿ. ಪದ್ಧತಿ ಇತ್ತು, ಎಲ್ಲಾರಂಗ ನೀವೂ ಹೋದ್ರಿ. ಇಷ್ಟು ಮಾತು ಅವರು ಇರಾಗ ಹೇಳಿದ್ರ ಅವರ ಕೈ ನಿಮ್ಮ ತಲಿ ಮ್ಯಾಲೂ ಬರತಿತ್ತು," ಎಂದರು. ಒಳಗೆ ಹೋಗಿ ಕಾಫಿ ತಂದರು.

ಎಲ್ಲರಂತೆ ನಾನೂ ಹೋದೆ ಎಂದು ಆಕೆ ನನ್ನನ್ನು ಕ್ಷಮಿಸಿದರು. ಆದರೆ ಕುರಿಯವನಿಗೆ, ಹಾಲಿನವನಿಗೆ, ಮೇಸ್ತ್ರಿಗೆ ಯಾರೂ ಕಲ್ಲು ಒಗೆದಿರಲಿಲ್ಲ; ಒಗೆದಿದ್ದರೆ ಅದನ್ನೂ ಹೇಳಿಕೊಂಡು ಅಳುತ್ತಿದ್ದರು. ಅವರು ಬರುವಷ್ಟರಲ್ಲಿ ಆ ಕೈಗೆ ಎಟುಕುವ ಕಲ್ಲುಗಳು ಮುಗಿದಿದ್ದವು. ಅಷ್ಟನ್ನೂ ಅವರು ನನ್ನ ಬೆಲ್ಲಿನ ಕೆಮ್ಮು ಕೇಳಿ, ನನ್ನ ಗುರುತು ಹಿಡಿದು, ನನ್ನ ಕಡೆಗೇ ಒಗೆದು ಮುಗಿಸಿದ್ದರು. ನಾನು ನಿಂತೇ ನಿಲ್ಲುತ್ತೇನೆಂದು ನಂಬಿ ಒಗೆದಿದ್ದರು.

ಕಲ್ಲಿನ ಮಾತನ್ನು ಅಕ್ಕಾರಿಗೆ ಆಗಲೂ ಹೇಳಲಿಲ್ಲ. ಕಾಫಿ ಕುಡಿದೆ. ಬೆಲ್ಲನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.